ನಲವತ್ತೊಂದನೆಯ ವಿಳಾಸ

ಬ್ಯಾಂಕಿನವರು ಗುಜರಿಗೆ ಹಾಕಹೊರಟಿದ್ದ ಸರ್ವರನ್ನು
ಎಂಡೆಲ್ ನಲವತ್ತು ಯೂರೋಗೆ ಬಿಡಿಸಿಕೊಂಡು
ಮೊಮ್ಮಗಳ ಜಾರುಬಂಡಿಯಲ್ಲಿ ಎಳೆದು ತಂದ.
ನೆಲಮಾಳಿಗೆಯಲ್ಲಿ ಆಲೂಗಡ್ಡೆ ಚೀಲ ಸರಿಸಿ
ಉಪ್ಪುಸೌತೆಯ ಜಾಡಿಗಳ ಕೆಳಗೆ ಜಾಗ ಮಾಡಿದೆವು.
ಗುಂಡಿ ಒತ್ತಿದ್ದೇ ತಡ
ಫ್ಯಾನುಗಳು ಹುಯಿಲಿಟ್ಟವು, ಜಾಡಿಗಳು ಕಿಣಿಕಿಣಿ,
ಎಂಡೆಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ
ಚರ್ಚಿನಲ್ಲಿ ನಿಲ್ಲುವ ಹಾಗೆ.

ಹೊರಗೆ, ವೋರುವಿನಲ್ಲಿ, ಮೈನಸ್ ಇಪ್ಪತ್ತೆರಡು.

ಮೋಡದಲ್ಲಿ ಬಾಳಲಿ ಎಂದು ಯಾರೋ ಕಟ್ಟಿದ ಇಮೇಜು,
ಮುನ್ನೂರು ಚಿಲ್ಲರೆ ಎಂಬಿ. ಇಳಿಸಿಕೊಂಡೆ.
ಮೊಹರಿನ ಅಂಕಿ ತಾಳೆ ನೋಡಿದೆ ಅಕ್ಷರಕ್ಷರ,
ಸಂತೆಯಲ್ಲಿ ಮೀನಿನವಳು ಕೊಟ್ಟ ಚಿಲ್ಲರೆ ಎಣಿಸಿದಂತೆ.
ಮೋಡ ಮೆಟ್ಟಿಲಿಳಿದು ಆಲೂಗಡ್ಡೆಯ ಪಕ್ಕ ಕೂತಿತು.
ಅದಕ್ಕೇನೂ ಬೇಸರವಾದಂತೆ ಕಾಣಲಿಲ್ಲ.

ಎದ್ದ ಮೊದಲ ಯಂತ್ರ ಕೇಳಿದ್ದು: ಯಾರು?
ನಾನೇ. ಹಿಲ್ಯೆ. ಮನೆಯೊಡತಿ.
ಗುಪ್ತಪದ?
ಯಾರೂ ಇಟ್ಟಿಲ್ಲ ಮಾರಾಯ, ನಿನಗೂ ಗೊತ್ತಿಲ್ಲ.
ಬೀಗ ಉಂಟು, ಕೀಲಿಯನ್ನು ಇನ್ನೂ ಎರಕ ಹೊಯ್ದಿಲ್ಲ.
ನನ್ನದೇ ಕರೆಂಟು ಕುಡಿದು
ನನ್ನನ್ನೇ ಹೊಸ್ತಿಲಾಚೆ ನಿಲ್ಲಿಸಿತು ಅರ್ಧ ರಾತ್ರಿ.

ಮಾರನೆಯ ದಿನ ತಿಳಿಯಿತು:
ಕಣ್ಣು ಬಿಡುವ ಮುಂಚೆಯೇ ಕಿವಿಯಲ್ಲಿ ಹೇಳಬೇಕು,
ನಿನ್ನ ಹೆಸರು ಇದು, ನಿನ್ನ ಬಾಗಿಲು ತೆಗೆಯುವವಳು ಇವಳು.
ಹತ್ತು ಸಾಲಿನ ಚೀಟಿ ಬರೆದು
ಪುಟ್ಟ ಡಿಸ್ಕಿನಲ್ಲಿ ಮಡಚಿ ತೊಟ್ಟಿಲಿಗೆ ಇಟ್ಟೆ.
ನಾಲ್ಕನೆಯ ಸಾಲಿನಲ್ಲಿ ಒಂದು ಸ್ಪೇಸು ಹೆಚ್ಚು;
ಓದದೆ ಬಿಸಾಡಿತು.
ತಿದ್ದಿದೆ. ಓದಿತು. ಓಗೊಟ್ಟಿತು.
ಊರಂಚಿನ ಸರೋವರದ ಹೆಸರೇ ಇಟ್ಟಿದ್ದೆ: ತಮುಲಾ.

ಯಾಕಿಷ್ಟೆಲ್ಲ? ಟೇಪುಗಳಿಗಾಗಿ.
ಈ ಕಡೆಯ ಮುದುಕಿಯರು ನಮ್ಮ ವೋರು ಮಾತಿನಲ್ಲಿ
ಹೇಳಿಟ್ಟು ಹೋದ ನೂರಾ ಆರು ಗಂಟೆ.
ಟಾಲಿನ್ನಿನ ನನ್ನ ನಾದಿನಿ ಅದನ್ನು ಭಾಷೆಯೆನ್ನುವುದಿಲ್ಲ,
ಉಚ್ಚಾರ ದೋಷವೆನ್ನುತ್ತಾಳೆ.
ಬಾಡಿಗೆಯ ಆಕಾಶದಲ್ಲಿ ಇಡಬಹುದಿತ್ತು;
ಒಂದು ತಿಂಗಳ ಬಿಲ್ಲು ತಪ್ಪಿದರೆ
ಅಷ್ಟೂ ಮುದುಕಿಯರು ಒಟ್ಟಿಗೆ ಮೂಕರು.

ತಮುಲಾ ಟೇಪು ಕಾಯಲಿ, ಕೇಳುವವರಿಗೆ ಇನ್ನೊಂದಿರಲಿ ಎಂದು
ತಮುಲಾಳನ್ನೇ ನಕಲು ಮಾಡಿ ವಾಗುಲಾ ಎಂದೆ.
ಹೆಪ್ಪು ಹಾಕಿದಷ್ಟು ಸಲೀಸು.
ಆಮೇಲೆ ಶುರುವಾಯಿತು.
ಇಬ್ಬರೂ ನಲವತ್ತೊಂದನೆಯ ವಿಳಾಸದಲ್ಲಿ.
ಇವಳನ್ನು ಕರೆದರೆ ಅವಳು ಬಂದಳು,
ಅವಳಿಗೆ ಹೇಳಿದ್ದು ಅರ್ಧ ದಾರಿಯಲ್ಲಿ ಕಳೆಯಿತು,
ಕೆಲವೊಮ್ಮೆ ಇಬ್ಬರೂ ಒಂದೇ ಉಸಿರಿಗೆ: ನಾನೇ.

ಮೂರು ದಿನ ಕೇಬಲ್ಲನ್ನು ಬೈದೆ. ಎಂಡೆಲ್‌ನನ್ನೂ.
ಕೊನೆಗೆ ಸಿಕ್ಕಿತು, ಒಳಗಿನ ಒಂದು ಕಡತದಲ್ಲಿ
ಮೂವತ್ತೆರಡು ಅಕ್ಷರದ ಹುಟ್ಟುಮಚ್ಚೆ.
ಹೆಸರು ಬದಲಿಸಿದ್ದೆ, ಮಚ್ಚೆ ಹಾಗೇ ಬಂದಿತ್ತು.
ಕಡತ ಕೀಳಲಿಲ್ಲ, ಬರಿದು ಮಾಡಿ ಬಿಟ್ಟೆ.
ಮತ್ತೆ ಎದ್ದಾಗ ವಾಗುಲಾ
ತನ್ನದನ್ನು ತಾನೇ ಬರೆದುಕೊಂಡಳು.
ನಲವತ್ತೆರಡು.

ಅಂದು ರಾತ್ರಿ ಪರೀಕ್ಷೆಗೆ ಕೈಗೆ ಬಂದದ್ದು
ಹದಿನೇಳನೆಯ ಟೇಪು, ಅಲ್ವೀನೆ.
ಆಮೇಲೆ ಮೂವತ್ತನೆಯದು, ಅವಳ ತಂಗಿ ಮೀಲಿ.
ಅದೇ ಮಾರ್ಚಿ, ಅದೇ ತೆಳು ಮಂಜುಗಡ್ಡೆ,
ಅಪ್ಪ ಬೆಲ್ಟು ಬಿಚ್ಚಿ ಎಸೆದದ್ದು,
ತೇಲಿ ಹೋದ ಎಡಗೈಯ ಕೆಂಪು ಗವಸು.
ಅಲ್ವೀನೆ: ಬಿದ್ದವಳು ನಾನು, ಅವಳು ದಡದಲ್ಲಿ ಅಳುತ್ತಿದ್ದಳು.
ಮೀಲಿ: ಬಿದ್ದವಳು ನಾನು.
ಇಬ್ಬರೂ ನೀರಿನ ತಣ್ಣಗೆ ಹೇಳುವ ಮುನ್ನ
ಅದೇ ಜಾಗದಲ್ಲಿ ಉಸಿರೆಳೆಯುತ್ತಾರೆ.

ಹದಿನಾಲ್ಕು ವರ್ಷದ ಹಿಂದೆ, ಪಟ್ಟಿ ಮಾಡುವಾಗ,
ಮೀಲಿಯ ಮುಂದೆ ನಾನೇ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಹಾಕಿದ್ದೆ.
ಹುಡುಕಿ ತೆಗೆದು ಉಜ್ಜಿದೆ.
ಕಾಗದ ಸ್ವಲ್ಪ ಹರಿಯಿತು.

ಬೆಳಿಗ್ಗೆ ಎಂಡೆಲ್ ಸೌದೆ ತಂದವನು
ಒದ್ದೆ ಗವಸುಗಳನ್ನು ಸರ್ವರಿನ ಬೆನ್ನ ಬಿಸಿಗೆ ತೂಗುಹಾಕಿದ.
ಹಾಗೆ ಮಾಡಬಾರದು, ಗಾಳಿ ಕಟ್ಟುತ್ತದೆ ಎಂದೆ.
ಹ್ಞೂಂ ಎಂದ, ತೆಗೆಯಲಿಲ್ಲ.
ಎಡಗೈಯದು ಮೊದಲು ಒಣಗಿತು.