ಹದಿನಾಲ್ಕನೇ ನಂಬರ್

ಮಂಚದ ತಲಿಕಡೆ ಪಟ್ಟಿಮ್ಯಾಲ
ಬಿಳೇ ಬಣ್ಣದಾಗ ಬರದೈತಿ: ೧೪.
ದವಾಖಾನಿ ಹರಾಜಿನಾಗ ಅಪ್ಪ ಹಿಡದದ್ದು.
ಮಂಚ, ಒಂದು ಸ್ಟೂಲು, ಕಾಲು ಮುರದ ಸಲೈನ್ ಸ್ಟ್ಯಾಂಡು,
ಎಲ್ಲಾ ಸೇರಿ ಒಂಬೈನೂರು.
ನಾ ಆಗ ಎರಡನೇತ್ತಾ. ಕುಣದಾಡಿದ್ದೆ.
ಹ್ಯಾಂಡಲ್ ತಿರುವಿದ್ರ ತಲಿ ಏಳತಿತ್ತು, ಇಳೀತಿತ್ತು.
ಬೆಟಗೇರಿ ಓಣಿ ಹುಡುಗರ ಕಡೆ
ಸುತ್ತಿಗೊಂದು ಪೇರಲಹಣ್ಣು ವಸೂಲಿ ಮಾಡೀನಿ.

ಈಗ ಹತ್ತನೇತ್ತಾ.
ಹ್ಯಾಂಡಲ್ ತುಕ್ಕು ಹಿಡದು ನಿಂತುಬಿಟ್ಟೈತಿ,
ಮಂಚ ಯಾವಾಗಲೂ ಅರ್ಧಾ ಎದ್ದು ಕುಂತ ರೋಗಿಹಂಗ.
ಮುಳಗುಂದ ನಾಕಾದ ಪ್ರಾಂಜಲಿ ಓದಾಕ ಬಂದಾಕಿ
ನಂಬರ್ ನೋಡಿ ನಕ್ಕಳು: "ಡಿಸ್ಚಾರ್ಜ್ ಯಾವಾಗ?"
ನಾನೂ ನಕ್ಕೆ. ಚಾ ಕೊಟ್ಟೆ.
ಆಕಿ ಹೋದಮ್ಯಾಲ ಚಾದರ ತಗದು ನಂಬರಿಗೆ ಹೊಚ್ಚಿದೆ.

"ನಂಗ ಹೊಸಾ ಮಂಚ ಬೇಕು" ಅಂದೆ, ಊಟಕ್ಕ ಕುಂತಾಗ.
"ಕೆಳಗ ಡ್ರಾವರ್ ಇರಬೇಕು, ಬಾಜು ಟೇಬಲ್ಲು,
ಆಳೆತ್ತರದ ಕನ್ನಡಿ."
ಅಪ್ಪ ರೊಟ್ಟಿ ಮುರಿಯೂದು ನಿಲ್ಲಿಸಲಿಲ್ಲ.
ಮೋಟಾರಿಗೆ ತಾಮ್ರದ ತಂತಿ ಸುತ್ತೂ ಬೆರಳು,
ಸುತ್ತು ಎಣಿಸಿದಂಗ ಎಣಿಸಿದ:
"ಡ್ರಾವರು. ಟೇಬಲ್ಲು. ಕನ್ನಡಿ.
ಮತ್ತ ಖೋಲಿ?"
ಖೋಲಿ ಅಂದ್ರ, ಜ್ವಾಳದ ಚೀಲಕ್ಕೂ ದೇವರ ಜಗಲಿಗೂ ನಡುವಿನ
ಏಳೂವರಿ ಫೂಟು.
ಬಾಗಲಾ ಅಂದ್ರ ಅವ್ವನ ಹಳೇ ಸೀರಿ.

"ಯಾರ್ಯಾರು ಮಲಗಿದ್ರೋ ಅದರಾಗ! ಎಷ್ಟು ಮಂದಿ ಸತ್ತರೋ!"
ನನ್ನ ದನಿ ಏರಿತ್ತು.
ಅವ್ವ, ಹತ್ತೊಂಬತ್ತು ವರ್ಷದಿಂದ ವಾರ್ಡಿನ ಆಯಾ,
ಸಾರಿನ ಬೋಗಾಣಿ ಕೆಳಗಿಟ್ಟಳು.
"ಸತ್ತಿದ್ದಾರು. ಸುಳ್ಳು ಯಾಕ ಹೇಳಲಿ.
ಎದ್ದು ಚಪ್ಪಲ್ ಹಾಕ್ಕೊಂಡು ಮನಿಗೆ ಹೋದವರ ಹೆಚ್ಚಿಗಿ, ತೇಜವ್ವಾ.
ಹೋಗೂಮುಂದ ಒಬ್ಬರೂ ಮಂಚದ ಕಡೆ ಹೊಳ್ಳಿ ನೋಡಂಗಿಲ್ಲ."
ಆಮ್ಯಾಲ, "ಇನ್ನೊಂದು ರೊಟ್ಟಿ ಹಾಕಲಿ?"

ಐತವಾರ ಮೂವರೂ ಸ್ಟೇಷನ್ ರೋಡಿಗೆ ಹೋದ್ವಿ.
ಅಂಗಡಿಯಾಂವ ಮೊದಲ ಚಪ್ಪಲಿ ನೋಡಿ, ಆಮ್ಯಾಲ ಮಾರಿ ನೋಡಿ
ಫ್ಯಾನ್ ಹಚ್ಚಿದ.
ಅಪ್ಪ ಪ್ಲೈವುಡ್ಡಿಗೆ ಬೆರಳಲೇ ಬಡದು ಕಿವಿ ಇಟ್ಟ,
ಬೇರಿಂಗ್ ಸಪ್ಪಳ ಕೇಳೂ ಹಂಗ.
ಅವ್ವ ಗಾದಿ ಒತ್ತಿ ನೋಡಿದ್ಲು, ಕುಂದರಲಿಲ್ಲ.
ನಾ ಕುಂತೆ.
ಎದುರಿನ ಕನ್ನಡಿಯೊಳಗ
ಮೂವರೂ ಒಮ್ಮೆಲೇ ಕಂಡ್ವಿ, ತಲಿಯಿಂದ ಕಾಲತನಾ.
ನಮ್ಮನಿ ಕನ್ನಡಿಯೊಳಗ ಒಂದು ಮಾರಿಗೇ ಜಾಗಾ ಸಾಲದು.
"ಇಪ್ಪತ್ತೆಂಟು ಸಾವಿರ. ಕಂತಿಲೇ ಕೊಡ್ರಿ."
ಅಪ್ಪ ನನ್ನ ಕಡೆ ನೋಡಿದ,
ನೀನ ಹೇಳು ಅನ್ನೂ ಹಂಗ.
ಆ ನೋಟಕ್ಕ ಬಂದ ಸಿಟ್ಟು ನಂಗ ಇನ್ನೂ ಆರಿಲ್ಲ.
ಬ್ಯಾಡ ಅಂತ ಅವನ ಅನ್ನಬೇಕಿತ್ತು.

ಅಂಗಡಿಯೊಳಗ ಡ್ರಾವರ್ ಬಿಟ್ಟೆ.
ಹೊರಗ ಬಂದು ಟೇಬಲ್ ಬಿಟ್ಟೆ.
ಟಾಂಗಾಕೂಟ ದಾಟೂದರಾಗ ಮಂಚಾನೂ ಹೋತು.
ಮನಿಗೆ ಬಂದದ್ದು ಒಂದು ಲೀಟರ್ ಆಯಿಲ್ ಪೇಂಟು,
ನಾನ ಆರಿಸಿದ್ದು, ಎಳೇ ಬದನಿಕಾಯಿ ಬಣ್ಣ.

ಅಪ್ಪ ಪಾಲೀಸ್ ಕಾಗದಲೇ ತಿಕ್ಕಿದ.
೧೪ರ ಕೆಳಗ ಹಸರು ಎದ್ದಿತು,
ಹಸರಿನ ಕೆಳಗ ೩೧.
"ಇದರದೂ ವರ್ಗಾವಣಿ ಆಗೇತಿ ನೋಡು" ಅಂದ.
ನಗು ಬಂತು. ನಗಲಿಲ್ಲ. ಬ್ರಷ್ ಕಸಗೊಂಡೆ.

ಶ್ರಾವಣದ ಥಂಡಿ, ಬಣ್ಣ ಆರವಲ್ದು.
ಎರಡು ರಾತ್ರಿ ಚಾಪಿಮ್ಯಾಲ, ಅವ್ವನ ಬಾಜು.
ವಾಸನಿಗೆ ನಿದ್ದಿ ಹತ್ತವಲ್ದು.
ನಡುರಾತ್ರಿ ಅವ್ವ, ಕಣ್ಣು ಮುಚ್ಚಿಕೊಂಡ,
ಕೈ ಮ್ಯಾಲೆತ್ತಿ ಗಾಳಿಯೊಳಗ ಏನೋ ಹಿಡದು
"ಸಿಸ್ಟರ್, ಹದಿನಾಲ್ಕರದು ಬಾಟ್ಲಿ ಮುಗೀತು" ಅಂದ್ಳು.
ಅಪ್ಪನ ಗೊರಕಿ ನಿಲ್ಲಲಿಲ್ಲ.
ಅವಂಗ ಇದು ರೂಢಿ ಇರಬೇಕು.
ನಾ ಒಂದು ಗಳಿಗಿ ಸುಮ್ಮನಿದ್ದೆ.
ಆಕಿ ಕೈ ಇಳಿಸಿ, ಚಾದರದೊಳಗ ಇಟ್ಟು,
"ಬದಲಿ ಮಾಡೀನಿ. ನೀ ಮಲ್ಕೋ" ಅಂದೆ.
ಮಲ್ಕೊಂಡ್ಲು.

ಮುಂಜಾನಿ ಮಂಚ ಮುಟ್ಟಿ ನೋಡಿದೆ,
ಬೆರಳಿಗೆ ಇನ್ನೂ ಹತ್ತತಿತ್ತು.
ದೀಪಾವಳಿಗೆ ಕನ್ನಡಿ ಕೇಳಾಕಿನ ನಾ.
ಅದೊಂದು ಬಿಡಂಗಿಲ್ಲ.