ನಲವತ್ತು ಗ್ರಾಂ ಮಳೆ

ಮೊದಲ ವರ್ಷ ಪ್ಲಾಸ್ಟಿಕ್ ಪೈಪು ಸೀಳಿ ಮಾಡಿದ್ದೆವು.
ಬೇಸಗೆಗೇ ಬಿಳಿಚಿ, ಹಪ್ಪಳದ ಹಾಗೆ ಗರಿಗರಿಯಾಗಿ,
ಒಂದು ಸಂಜೆ ಫಟ್ಟೆಂದು
ಜೀಪ್ ಸ್ಟ್ಯಾಂಡಿನ ಆಚೆ ಹಾರಿಹೋಯಿತು.
ಯಾರಿಗೂ ಏನೂ ಆಗಲಿಲ್ಲ. ಐಸಮ್ಮ ಮಾತ್ರ
ಆ ತುಂಡಿನಲ್ಲಿ ಈಗಲೂ ಒಲೆಯ ಬೂದಿ ಗೋರುತ್ತಾಳೆ.

ಈ ಸಲ ಮರ, ಅಂದ ಲಿಗೋರಿ.
ಹೆಬ್ಬಲಸು. ಗಂಟಿಲ್ಲದ್ದು, ಮೂರು ವರ್ಷ ಅಟ್ಟದಲ್ಲಿ ಒಣಗಿದ್ದು.
ಅವನು ಉಳಿ ಹಿಡಿದರೆ
ನಾನು, ಮೋಟಾರು ಸುತ್ತುವವಳು,
ಪಕ್ಕದಲ್ಲಿ ತಂತಿಯ ಸುತ್ತು ಎಣಿಸುತ್ತ ಕೂತಿದ್ದೆ.
ಎಪ್ಪತ್ತು, ಎಪ್ಪತ್ತೊಂದು… ಮಾತಾಡಿಸಬೇಡ ಮಾರಾಯ.

ಬಳಿಯುವುದೇನನ್ನು ಎಂಬುದಕ್ಕೆ ಜಗಳ.
ಗೇರೆಣ್ಣೆ ಅಂದ ಅವನು; ಗಂಗೊಳ್ಳಿಯಲ್ಲಿ
ಅವನಪ್ಪ ದೋಣಿಗೆ ಬಳಿಯುತ್ತಿದ್ದದ್ದು.
ಅಗಸೆ ಎಣ್ಣೆ, ಅಂದೆ ನಾನು.
ತಗಡಿಗೆ ಹೊಡೆದು ಉಳಿದ ಕೆಂಪು ಬಣ್ಣ ಉಂಟಲ್ಲ, ಅಂದಳು ಐಸಮ್ಮ.
ಯಾರೂ ಸೋಲಲಿಲ್ಲ. ಮೂರು ರೆಕ್ಕೆಗೆ ಮೂರು ಬಗೆ ಬಳಿದು
ಸಂಪೆಕಟ್ಟೆಯ ದಿಬ್ಬದ ಕಂಬಕ್ಕೆ ಏರಿಸಿದೆವು.

ಆರಿದ್ರೆಯಲ್ಲಿ ಚೆನ್ನಾಗಿ ತಿರುಗಿತು:
ಕ್ಯಾಂಟೀನಿಗೆ ಮೂರು ಬಲ್ಬು, ಡ್ರೈವರುಗಳ ಏಳು ಮೊಬೈಲು.
ಆಶ್ಲೇಷದ ಮೂರನೆಯ ರಾತ್ರಿ
ಶುರುವಾಯಿತು ಕುಂಟು.
ಧಡ್, ಸುಂಯ್, ಸುಂಯ್.
ಧಡ್, ಸುಂಯ್, ಸುಂಯ್.
ನಮ್ಮ ತಲೆಯ ಮೇಲೆ ಯಾರೋ
ಎಲ್ಲಿಗೂ ಹೋಗದೆ ನಡೆಯುತ್ತಿರುವ ಹಾಗೆ.

ಮಘೆ ಒಂದು ದಿನ ಬಿಡುವು ಕೊಟ್ಟಾಗ ಇಳಿಸಿ
ಐಸಮ್ಮನ ಸಕ್ಕರೆ ತಕ್ಕಡಿಯಲ್ಲಿ ತೂಗಿದೆವು.
ಗೇರೆಣ್ಣೆಯದು ಹೋದ ಹಾಗೇ ಬಂದಿತ್ತು.
ಕೆಂಪಿನದು ತುದಿಯಲ್ಲಿ ಗುಳ್ಳೆಯೆದ್ದು ಆರು ಗ್ರಾಂ ಜಾಸ್ತಿ.
ನನ್ನದು, ನಲವತ್ತು.
ನಲವತ್ತು ಗ್ರಾಂ ಮಳೆ ಕುಡಿದು
ಏನೂ ಅರಿಯದ ಕೂಸಿನ ಹಾಗೆ ಮಲಗಿತ್ತು.

ಲಿಗೋರಿ ನಗಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.
ಅಂಚು ನೋಡು, ಅಂದ ಅಷ್ಟೆ.
ಬೆರಳಾಡಿಸಿದೆ. ಮೂರರಲ್ಲೂ
ಗಾಳಿಗೆ ಎದುರು ಹೋಗುವ ಅಂಚು
ಬೆಕ್ಕಿನ ನಾಲಿಗೆಯಷ್ಟು ಒರಟು.
ಎಣ್ಣೆ ಯಾವುದಾದರೇನು, ಆ ವೇಗಕ್ಕೆ ಹನಿಯೂ ಮರಳು.
ಮೈ ನೆನೆಯುವುದು ಬೇರೆ, ಮುಖ ಸವೆಯುವುದು ಬೇರೆ.
ಇಷ್ಟು ವರ್ಷ ತಂತಿ ಸುತ್ತಿದರೂ ಇದು ನನಗೆ ಗೊತ್ತಿರಲಿಲ್ಲ.

ಈಗ ನನ್ನ ರೆಕ್ಕೆ ಐಸಮ್ಮನ ಒಲೆಯ ಮೇಲೆ,
ಹೊಗೆಯಲ್ಲಿ, ಒಣಮೀನಿನ ಪಕ್ಕ ತೂಗಾಡುತ್ತಿದೆ.
ಏನದು ಎಂದು ಕೇಳಿದವರಿಗೆ
ದೋಣಿಯ ಹುಟ್ಟು ಅನ್ನುತ್ತಾಳೆ.
ಬುಧವಾರ ಬುಧವಾರ ಇಳಿಸಿ ತೂಗುತ್ತೇನೆ, ಹೆಚ್ಚಿನದೆಷ್ಟು ಉಳಿದಿದೆ ಎಂದು:
ಮೂವತ್ತೊಂದು. ಇಪ್ಪತ್ತಾರು.
ಮತ್ತೆ ಇಪ್ಪತ್ತಾರು.

ಹಸ್ತದ ಮಳೆ ಇನ್ನೂ ಬಾಕಿ.
ಅಂಚಿಗೆ ಅಂಟಿಸಲು ಹಳೆಯ ಸೈಕಲ್ ಟ್ಯೂಬು
ಉದ್ದಕ್ಕೆ ಕತ್ತರಿಸಿಟ್ಟುಕೊಂಡು ಲಿಗೋರಿ
ಚಹಾ ಕುಡಿಯುತ್ತಾನೆ, ಏನೂ ಹೇಳದೆ,
ಗೇರೆಣ್ಣೆಯ ಡಬ್ಬಿಯ ಮುಚ್ಚಳ ಮಾತ್ರ
ಸಡಿಲಿಸಿ, ನನ್ನ ಕೈಗೆಟಕುವಲ್ಲಿ ಇಟ್ಟು.