ಒಂಬತ್ತು ತಲಿ, ಒಂದು ಟೊಪಗಿ

ಯಾದಗಿರಿ ಗುಡ್ಡದ ಹಿಂಬದಿಗೆ
ಒಂದು ಬಂಡಿ ಅದ. ಕುಂಡಿ ಉಜ್ಜಿ ಉಜ್ಜಿ
ಎಷ್ಟು ತಲಿಮಾರಿನ ಹುಡುಗರು ನುಣ್ಣಗ ಮಾಡ್ಯಾರೋ,
ಮಧ್ಯಾನದ ಬಿಸಲಿಗೆ ಎಣ್ಣಿ ಹಚ್ಚಿದ ಹಂಚು ಅದು.
ನಾನೂ ಜಾರೀನಿ, ಆರನೇತ್ತ ಓದಾಗ,
ಗೊಬ್ಬರದ ಚೀಲ ಮಡಚಿ ಬುಡಕ ಹಾಕ್ಕೊಂಡು.
ಮೂರು ಹೊಲಿಗಿ ಬಿದ್ದವು, ಬೈತಲಿ ಪಕ್ಕದಾಗ.

ಈಗ ಸರ್ಕಾರಿ ದವಾಖಾನಿಯೊಳಗ
ಪಟ್ಟಿ ಕಟ್ಟೋ ಕೋಣಿ ನಂದು.
ಐತ್ವಾರ ಸಂಜಿಮುಂದ ಬರ್ತಾವ ತಲಿಗಳು,
ಟಾವೆಲ್ ಸುತ್ಕೊಂಡು, ಅರಿಷಿಣ ಒತ್ಗೊಂಡು.
ಒಬ್ಬ ತಾಯಿ ಚಾಪುಡಿ ಮೆತ್ಕೊಂಡು ತಂದಿದ್ಲು.
ಕೂದ್ಲು ಬೋಳಿಸಿ, ನೀರು ಹೊಯ್ದು, ಕೇಳ್ತೀನಿ:
"ಬಂಡಿ ಏನಲೇ?"
ಅಳೋದು ಬಿಟ್ಟು ನಗ್ತಾವ.

ಮೌಲಾಲಿ ಅಂತ ಒಬ್ಬಾವ. ಅವರಪ್ಪ ಸೇಡಂ ಕಡಿ
ಸಿಮೆಂಟ್ ಫ್ಯಾಕ್ಟರಿಗೆ ಹೋಗ್ತಾನ.
ಹಳೀದೊಂದು ಹಳದಿ ಹೆಲ್ಮೆಟ್ ಮನ್ಯಾಗಿತ್ತು,
ಅದರೊಳಗ ಉಳ್ಳಾಗಡ್ಡಿ ಇಡ್ತಿದ್ರು.
ನಾ ಹೊಲಿಗಿ ಬಿಚ್ಚಿದ ಮರುದಿನ
ಉಳ್ಳಾಗಡ್ಡಿ ಸುರುವಿ, ತಲಿಗೆ ಹಾಕ್ಕೊಂಡು
ಗುಡ್ಡ ಹತ್ತ್ಯಾನ.

ತಕರಾರು ಅಲ್ಲೇ ಶುರು.
ದೇವಿಂದ್ರ ಅಂದ: "ಇದೇನು ಜಾರೋದು? ಡ್ಯೂಟಿಗೆ ಹೊಂಟಂಗದ."
ಇನ್ನೊಬ್ಬಾವ: "ಕಿವ್ಯಾಗ ಗಾಳಿ ಸುಂಯ್ ಅನ್ನಲಿಲ್ಲಂದ್ರ
ಮನ್ಯಾಗ ಕುಂದರ್ಲಿ."
ಮೌಲಾಲಿ ಚಾದಂಗಡಿ ಟೀವಿನ ಸಾಕ್ಷಿಗೆ ಕರದ:
"ಎಲ್ಲೋ ಒಂದು ಊರಾಗ, ಕಾಲಿಗೆ ಹಲಗಿ ಕಟ್ಕೊಂಡು
ಬರ್ಫಿನ ಮ್ಯಾಲ ಜಾರ್ತಾರಲೇ, ಮೀಸಿ ಬಂದ ಮಂದಿ.
ಬರ್ಫ್ ಅಂದ್ರ ಹಿಂಜಿದ ಅರಳಿ ಇದ್ದಂಗ, ಮೆತ್ತಗ.
ಆದ್ರೂ ತಲಿಗೆ ಟೊಪಗಿ ಹಾಕ್ತಾರ.
ನಮ್ದು ಕಲ್ಲು."
"ಅವರಿಗೆ ಥಂಡಿ, ಅದಕ್ಕ ಹಾಕ್ತಾರ," ಅಂದ ದೇವಿಂದ್ರ.
ಇದಕ್ಕ ಯಾರ ಕಡೀನೂ ಜವಾಬಿಲ್ಲ.

ಕಡೀಕ ಒಂದು ಒಪ್ಪಂದ:
ಜಾರಿದಾವ ಕೆಳಗ ತಗದು
ಮ್ಯಾಲಿನಾವಗ ಒಯ್ದು ಕೊಡಬೇಕು.
ಆವತ್ತು ಯಾದಗಿರಿಯೊಳಗ
ಎಲ್ಲಾರಗಿಂತ ಹೆಚ್ಚು ಸಲ ಗುಡ್ಡ ಹತ್ತಿದ್ದು ಆ ಹೆಲ್ಮೆಟ್ಟೇ.
ಪಾಳಿ ಉದ್ದಾತು. ಕಾಯ್ಕೋತ ಕಾಯ್ಕೋತ
ಹುಡುಗರು ಮೊದಲ ಸರ್ತಿ ಆ ಬಂಡಿನ ನೋಡಿದ್ರು,
ಎಷ್ಟು ಎತ್ತರ ಅದ,
ಕೆಳಗ ಎಷ್ಟು ಚೂಪನ ಕಲ್ಲು ಅವ.
ಒಬ್ಬಾವ ಏನೂ ಅನ್ನಲಿಲ್ಲ, ಮನಿಗೆ ಹೋದ.

ಬೈಬೇಕಂತ ನಾನೂ ಹತ್ತಿದ್ದೆ ಆವತ್ತು.
ಬಾಯಿತುಂಬ ಮಾತಿದ್ದವು: ಮಿದುಳು, ರಕ್ತ,
ಕಲಬುರಗಿ ಮುಟ್ಟೋತನಕ ಎಲ್ಲಾ ಜೀವ ತಡಿಯಂಗಿಲ್ಲ,
ಅಂಬುಲೆನ್ಸ್ ಒಮ್ಮೊಮ್ಮೆ ಡೀಸೆಲ್‌ಗೆ ನಿಂತಿರ್ತದ.

ಅಷ್ಟರಾಗ ಸಾಬಮ್ಮನ ಪಾಳಿ. ಆರು ವರ್ಷದಾಕಿ.
ತಲಿಗೆ ಹಾಕಿದ್ರ ಮೂಗಿನತನಕ ಇಳೀತು.
ತಗದ್ಲು. ಹಿಂದ ಮುಂದ ನೋಡಿದ್ಲು.
ಬೋರಲ ಇದ್ದದ್ದನ್ನ ಅಂಗಾತ ಮಾಡಿ
ಅದರಾಗ ಕುಂತುಬಿಟ್ಲು.

ಬುಗುರಿ!
ಲಂಗದಾಗ ಗಾಳಿ ತುಂಬಿ, ಗರಗರ ತಿರುಗಿ,
ಒಮ್ಮೆ ಮಾರಿ, ಒಮ್ಮೆ ಬೆನ್ನು, ಮತ್ತ ಮಾರಿ,
ಕೆಳಗ ಹುಲ್ಲಿನಾಗ ಉಳ್ಳಿ ಬಿದ್ದು, ಎದ್ದು ಕುಂತು
"ಇದಕ್ಕ ನೋಡ್ರಲೇ ಇದು ಇರೋದು!" ಅಂದ್ಲು.

ನಾ ನಕ್ಕೆ.
ನಗಬಾರದಿತ್ತು. ಹೊಲಿಗಿ ಹಾಕೋ ಕೈ ನಂದು,
ನಗಬಾರದಿತ್ತು.

ರಾತ್ರಿ ಬಾಚಣಿಕಿ ಯಾವಾಗಿನಂಗ
ಬೈತಲಿ ಪಕ್ಕ ತಡೀತು.
ಮೂವತ್ತು ವರ್ಷಾತು, ಅಲ್ಲಿ ಕೂದ್ಲು ಬಂದಿಲ್ಲ.
ಬೆರಳಿಟ್ರ ಇನ್ನೂ ಬೆಚ್ಚಗದ,
ಆ ಗೋಣಿಚೀಲ, ಆ ಗಾಳಿ, ಅವ್ವನ ಬೈಗುಳ.

ಪಗಾರಾದ ದಿನ ಸ್ಟೇಷನ್ ರೋಡಿನಾಗ
ಎಂಟು ಹೆಲ್ಮೆಟ್ಟಿಗೆ ರೇಟು ಕೇಳ್ದೆ.
ಅಂಗಡಿಯಾವ ನನ್ನ ಚಪ್ಪಲಿ ನೋಡಿದ:
"ಎಷ್ಟು ಗಾಡಿ ಅವ ಅಕ್ಕಾರ ನಿಮ್ಮ ಮನ್ಯಾಗ?"
"ಗಾಡಿ ಇಲ್ಲಪ್ಪ. ಬಂಡಿ ಅದ, ಒಂದೇ."
"ಬಂಡಿಗ್ಯಾಕ್ರೀ ಹೆಲ್ಮೆಟ್, ಎತ್ತಿಗೆ ಹಾಕ್ತೀರೇನು?"

ಅವನಿಗೆ ಹ್ಯಾಂಗ ತಿಳಿಸಿ ಹೇಳ್ಲಿ.
"ಆರು ವರ್ಷದ ಸೈಜು ಇದ್ರ ತೋರ್ಸು.
ಅದು ಮಾತ್ರ ಎರಡು ಬೇಕು," ಅಂದೆ,
"ಒಂದು ತಲಿಗೆ, ಒಂದು ಬುಡಕ."